ಜ್ವರದ ಲಗಾಮು ಮೆದುಳಿನ ಕೈಯಲ್ಲಿ: ಮೊಲ, ಕುರಿ, ಇಲಿಗಳು ಹೇಳಿದ್ದೆಷ್ಟು, ನಾವು ಕೇಳಿಸಿಕೊಂಡಿದ್ದೆಷ್ಟು?

ಅಡಿಕೆ ಕೊಯ್ಲು ಮುಗಿದು ಜನ ದರಗು ಗುಡಿಸಲು ಸೊಪ್ಪಿನ ಬೆಟ್ಟಕ್ಕೆ ಹೋಗುವ ಹೊತ್ತಿಗೆ ಮಲೆನಾಡಿನಲ್ಲಿ ಜ್ವರದ ಮಾತು ಶುರುವಾಗುತ್ತದೆ. ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವುದೋ ಕಾಡಂಚಿನಲ್ಲಿ ಮಂಗ ಸತ್ತು ಬಿದ್ದಿದೆ ಎಂದರೆ ಸಾಕು, ಮಂಗನ ಕಾಯಿಲೆಯ ಭಯದಲ್ಲಿ ಸಣ್ಣ ಮೈಬಿಸಿಗೂ ಮನೆಮಂದಿ ಬೆಚ್ಚುತ್ತಾರೆ. ಅದೇ ಹೊತ್ತಿಗೆ ಮೊಬೈಲಿನಲ್ಲಿ ಇನ್ನೊಂದು ಬಗೆಯ ಸುದ್ದಿ ಓಡಾಡುತ್ತದೆ. ಜ್ವರವೇ ಔಷಧಿ, ಮಾತ್ರೆ ನುಂಗಿ ಕೆಡಿಸಿಕೊಳ್ಳಬೇಡಿ ಎನ್ನುವುದು ಒಂದು. ಮೆದುಳಿನಲ್ಲಿ ಉರಿಯೂತದ ಸ್ವಿಚ್ ಸಿಕ್ಕಿದೆ, ಇಲಿಗಳಲ್ಲಿ ಪ್ರಯೋಗ ಗೆದ್ದಿದೆ ಎನ್ನುವುದು ಇನ್ನೊಂದು. ಪ್ಯಾರಸಿಟಮಾಲ್‌ಗಿಂತ 25 ಸಾವಿರ ಪಟ್ಟು ಬಲವಾದ ಹಾರ್ಮೋನು ನಮ್ಮ ತಲೆಯೊಳಗೇ ಇದೆ ಎಂದು ಮತ್ತೊಂದು.

ಇವೆಲ್ಲ ಬರೀ ಬುರುಡೆಯಾಗಿದ್ದರೆ ತಳ್ಳಿಹಾಕಬಹುದಿತ್ತು. ಆದರೆ ಒಂದೊಂದರ ಹಿಂದೆಯೂ ನಿಜವಾದ ಪ್ರಯೋಗವಿದೆ, ಅದನ್ನು ಮಾಡಿದ ನಿಜವಾದ ವಿಜ್ಞಾನಿಗಳಿದ್ದಾರೆ. ಪ್ರಯೋಗಶಾಲೆಯ ಮೊಲಕ್ಕೆ ಆದದ್ದು ಹಳ್ಳಿಯ ಜಗುಲಿಗೆ ಬರುವಷ್ಟರಲ್ಲಿ ನಡುವಿನ ಮೂರು ನಾಲ್ಕು ಮೆಟ್ಟಿಲು ಕಳೆದುಹೋಗಿರುತ್ತವೆ. ಗೊಂದಲವಿರುವುದು ಅಲ್ಲಿ.

ಮೂರು ಕಂಬಳಿ ಹೊದ್ದರೂ ಚಳಿ

ಜ್ವರ ಏರುವ ಗಳಿಗೆಯನ್ನು ಹತ್ತಿರದಿಂದ ನೋಡಿ. ಬೆಳಿಗ್ಗೆ ತೋಟಕ್ಕೆ ಹೋದವನು ಮಧ್ಯಾಹ್ನ ಊಟವನ್ನೂ ಮುಟ್ಟದೆ ಜಗುಲಿಯ ಮೂಲೆಯಲ್ಲಿ ಮುದುರಿ ಮಲಗುತ್ತಾನೆ. ಒಂದು ಕಂಬಳಿ ಸಾಲದು, ಇನ್ನೊಂದು ಹೊದಿಸಿ ಅನ್ನುತ್ತಾನೆ. ಹಲ್ಲು ಕಟಕಟ ಅನ್ನುತ್ತದೆ. ಹಣೆ ಮುಟ್ಟಿದರೆ ಕೆಂಡ, ಬೆರಳ ತುದಿಗಳು ಮಾತ್ರ ತಣ್ಣಗೆ ಬಿಳಿಚಿಕೊಂಡಿವೆ. ಮೈ ಇಷ್ಟು ಬಿಸಿಯಿರುವಾಗ ಚಳಿ ಯಾಕೆ? ಮಾತ್ರೆ ಕೊಟ್ಟು ಒಂದೆರಡು ತಾಸು ಕಳೆದರೆ ಇದೇ ಮನುಷ್ಯ ಕಂಬಳಿಯನ್ನೆಲ್ಲ ಒದ್ದು, ಅಂಗಿ ಹಿಂಡುವಷ್ಟು ಬೆವರುತ್ತಾನೆ. ಆಗ ಯಾಕೆ ಸೆಕೆ?

ಅಡಿಕೆ ಬೇಯಿಸುವ ಹಂಡೆಯ ಮುಂದೆ ಕೂತವರಿಗೆ ಇದು ಸುಲಭವಾಗಿ ಅರ್ಥವಾದೀತು. ಹಂಡೆ ಎಷ್ಟು ಕುದಿಯಬೇಕು ಅನ್ನುವುದು ಹಂಡೆಯ ತೀರ್ಮಾನವಲ್ಲ, ಒಲೆಯ ಮುಂದೆ ಕೂತವನದು. ಸಾಲದು ಅನ್ನಿಸಿದರೆ ಕಟ್ಟಿಗೆ ತುರುಕುತ್ತಾನೆ, ಜಾಸ್ತಿಯಾಯಿತು ಅನ್ನಿಸಿದರೆ ಕೊಳ್ಳಿ ಹಿಂದಕ್ಕೆಳೆಯುತ್ತಾನೆ. ನಮ್ಮ ದೇಹದಲ್ಲಿ ಆ ಜಾಗದಲ್ಲಿ ಕೂತಿರುವುದು ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಬಾದಾಮಿ ಬೀಜದಷ್ಟು ದೊಡ್ಡ ಭಾಗ. ಅದರ ಮುಂಭಾಗಕ್ಕೆ ತಾಗಿಕೊಂಡಿರುವ ಪ್ರಿಆಪ್ಟಿಕ್ ಪ್ರದೇಶದ ನರಕೋಶಗಳು ಮೈಬಿಸಿಯ ಗುರಿಯನ್ನು ನಿಗದಿ ಮಾಡುತ್ತವೆ. ಗುರಿ 98 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಿಂದ 103ಕ್ಕೆ ಏರಿತು ಎನ್ನಿ. ಆಗ 100 ಡಿಗ್ರಿ ಇರುವ ಮೈ ಮೆದುಳಿನ ಲೆಕ್ಕದಲ್ಲಿ ತಣ್ಣಗಿದೆ. ನಡುಕ ಹುಟ್ಟಿಸಿ ಸ್ನಾಯುಗಳಿಂದ ಶಾಖ ತೆಗೆಯುತ್ತದೆ, ಚರ್ಮದ ರಕ್ತನಾಳಗಳನ್ನು ಬಿಗಿದು ಶಾಖ ಹೊರಗೆ ಹೋಗದಂತೆ ಬಾಗಿಲು ಹಾಕುತ್ತದೆ. ಬೆರಳು ಬಿಳಿಚುವುದು ಅದಕ್ಕೇ. ಮಾತ್ರೆ ಮಾಡುವುದು ಗುರಿಯನ್ನು ಕೆಳಗಿಳಿಸುವ ಕೆಲಸ. ಆಗ 103 ಡಿಗ್ರಿ ಅತಿಯಾಯಿತು ಅನ್ನಿಸಿ ಬೆವರು ಸುರಿಯುತ್ತದೆ.

ಬಿಸಿಲಾಘಾತ ಬೇರೆಯೇ ಸಂಗತಿ. ಅಲ್ಲಿ ಗುರಿ ಬದಲಾಗಿರುವುದಿಲ್ಲ, ಬೆಂಕಿ ಕೈಮೀರಿರುತ್ತದೆ. ಅದಕ್ಕೇ ಬಿಸಿಲಾಘಾತಕ್ಕೆ ಪ್ಯಾರಸಿಟಮಾಲ್ ಕೆಲಸ ಮಾಡುವುದಿಲ್ಲ, ಮೈಗೆ ನೀರು ಹಾಕಿ ತಣಿಸಬೇಕು.

ಅಂದರೆ ಜ್ವರ ಬಂದಾಗ ಥರ್ಮಾಮೀಟರಿನಲ್ಲಿ ನಾವು ಓದುವುದು ಮೆದುಳು ಆ ಹೊತ್ತಿಗೆ ತೆಗೆದುಕೊಂಡ ತೀರ್ಮಾನವನ್ನು. ರೋಗ ಎಷ್ಟಿದೆ ಎಂಬ ಅಳತೆ ಅದರಲ್ಲಿಲ್ಲ. ಮುಂದಿನ ಗೊಂದಲಗಳೆಲ್ಲ ಬಿಡಿಸಿಕೊಳ್ಳುವುದು ಈ ಒಂದು ವ್ಯತ್ಯಾಸದಿಂದ.

ರಕ್ತದ ಸುದ್ದಿ ಮೆದುಳಿಗೆ ಮುಟ್ಟುವುದು ಹೇಗೆ

ರೋಗಾಣು ಒಳಹೊಕ್ಕಾಗ ಮೊದಲು ಎದುರಾಗುವುದು ಬಿಳಿ ರಕ್ತಕಣಗಳು. ಅವು ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಮೊದಲಾದ ಸೈಟೊಕೈನ್‌ಗಳನ್ನು, ಅಂದರೆ ಸಂದೇಶ ಒಯ್ಯುವ ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತವೆ. ಗಾಯದ ಸುತ್ತ ಕೆಂಪಾಗಿ, ಊದಿ, ಬಿಸಿಯಾಗಿ, ನೋಯುವ ಉರಿಯೂತಕ್ಕೂ ಇವೇ ಕಾರಣ. ಇದೇ ಸಂದೇಶ ಮೆದುಳಿನ ರಕ್ತನಾಳಗಳ ಒಳಪದರಕ್ಕೆ ಮುಟ್ಟಿದಾಗ ಅಲ್ಲಿ ಪ್ರೊಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ ತಯಾರಾಗುತ್ತದೆ. ಅದು ಪ್ರಿಆಪ್ಟಿಕ್ ಪ್ರದೇಶದ ನರಕೋಶಗಳ ಮೇಲಿರುವ ಇಪಿ3 ಎಂಬ ಗ್ರಾಹಕಕ್ಕೆ ಕೂತರೆ ಗುರಿ ಮೇಲೇರುತ್ತದೆ.

ಈ ಕೊನೆಯ ಕೊಂಡಿಯನ್ನು ತೋರಿಸಿದ್ದು 1998ರಲ್ಲಿ ಜಪಾನಿನ ವಿಜ್ಞಾನಿಗಳು. ಇಪಿ3 ಗ್ರಾಹಕವೇ ಇಲ್ಲದ ಸುಂಡಿಲಿಗಳನ್ನು ಅವರು ಸಿದ್ಧಪಡಿಸಿದರು. ಬ್ಯಾಕ್ಟೀರಿಯಾದ ಹೊರಕವಚದ ವಿಷ, ಅಂದರೆ ಎಂಡೋಟಾಕ್ಸಿನ್ ಚುಚ್ಚಿದರೂ ಅವಕ್ಕೆ ಜ್ವರ ಬರಲಿಲ್ಲ. ಇಂಟರ್‌ಲ್ಯೂಕಿನ್ ಕೊಟ್ಟರೂ ಇಲ್ಲ, ನೇರ ಪ್ರೊಸ್ಟಗ್ಲಾಂಡಿನ್ ಕೊಟ್ಟರೂ ಇಲ್ಲ. ವಿಷವೇನೋ ಮೈಯಲ್ಲಿತ್ತು, ಅದರ ಸುದ್ದಿ ಓದುವ ಕಣ್ಣು ಮೆದುಳಿನಲ್ಲಿರಲಿಲ್ಲ. ಥರ್ಮಾಮೀಟರ್ ಹಿಡಿದು ನೋಡಿದವರಿಗೆ ಆ ಇಲಿ ಆರೋಗ್ಯವಾಗಿಯೇ ಕಂಡೀತು!

ಆಸ್ಪಿರಿನ್ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತದೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದ್ದರು, 1982ರಲ್ಲಿ ಅವರಿಗೆ ನೊಬೆಲ್ ಬಂತು. ಪ್ಯಾರಸಿಟಮಾಲ್ ಕೂಡ ಮುಖ್ಯವಾಗಿ ಮೆದುಳಿನಲ್ಲಿ ಇದೇ ದಾರಿಗೆ ಅಡ್ಡ ನಿಲ್ಲುತ್ತದೆ. ಆದರೆ ಊದಿದ ಕೀಲಿನ ಮೇಲೆ ಅದರ ಪ್ರಭಾವ ತೀರಾ ಕಡಿಮೆ. ಜ್ವರ ಇಳಿಸುವುದು, ಉರಿಯೂತ ಇಳಿಸುವುದು, ರೋಗ ಗುಣಪಡಿಸುವುದು ಮೂರೂ ಬೇರೆ ಬೇರೆ ಕೆಲಸ. ನಮ್ಮ ಆಡುಮಾತಿನಲ್ಲಿ ಮೂರೂ ಸೇರಿ ‘ಜ್ವರ ಬಿಟ್ಟಿತು’ ಆಗಿಬಿಟ್ಟಿದೆ.

ಆ 25 ಸಾವಿರ ಪಟ್ಟು ಎಲ್ಲಿಂದ ಬಂತು

ಮೆದುಳು ಜ್ವರ ಏರಿಸುವುದಷ್ಟೇ ಅಲ್ಲ, ಅದಕ್ಕೆ ಮಿತಿಯನ್ನೂ ಹಾಕುತ್ತದೆ. ಸಾಮಾನ್ಯ ಸೋಂಕಿನಲ್ಲಿ ಜ್ವರ 106 ಡಿಗ್ರಿ ದಾಟುವುದು ಅಪರೂಪ. ಹಾಗಾದರೆ ಒಳಗೇ ಒಂದು ಬ್ರೇಕ್ ಇರಬೇಕಲ್ಲ ಎಂಬ ಅನುಮಾನ ವಿಜ್ಞಾನಿಗಳಿಗೆ ಮೊದಲಿಂದಲೂ ಇತ್ತು.

ಆಲ್ಫಾ-ಎಂಎಸ್‌ಎಚ್ ಎಂಬ ಹಾರ್ಮೋನನ್ನು ಮೊದಲು ಗುರುತಿಸಿದ್ದು ಚರ್ಮದ ಬಣ್ಣದ ಲೆಕ್ಕದಲ್ಲಿ. ಕಪ್ಪೆಯ ಚರ್ಮವನ್ನು ಕಪ್ಪಾಗಿಸುವ ಹಾರ್ಮೋನು ಅದು, 13 ಅಮೈನೋ ಆಮ್ಲಗಳ ಸಣ್ಣ ಸರಪಳಿ. ಅಮೆರಿಕದ ಟೆಕ್ಸಸ್‌ನಲ್ಲಿ ಜೇಮ್ಸ್ ಲಿಪ್ಟನ್ ಮತ್ತು ಸಂಗಡಿಗರು ಇದನ್ನು ಜ್ವರ ಬಂದ ಮೊಲಗಳ ಮೆದುಳಿನ ಕುಹರಕ್ಕೆ ಕೊಟ್ಟು ನೋಡಿದರು. ಜ್ವರ ಇಳಿಯಿತು. ಜ್ವರವಿಲ್ಲದ ಮೊಲದ ಮೈಬಿಸಿಯನ್ನು ಒಂದಿಷ್ಟೂ ಅಲುಗಿಸದಷ್ಟು ಕಡಿಮೆ ಪ್ರಮಾಣದಲ್ಲೂ ಜ್ವರ ಇಳಿಯಿತು. ಮೆದುಳಿಗೇ ನೇರವಾಗಿ ಕೊಟ್ಟಾಗ ಇದರ ಶಕ್ತಿ ಪ್ಯಾರಸಿಟಮಾಲ್‌ಗಿಂತ 25 ಸಾವಿರ ಪಟ್ಟಿಗೂ ಮಿಗಿಲು ಎಂದು ಅವರು 1983ರಲ್ಲಿ ವರದಿ ಮಾಡಿದರು. ಮೊಬೈಲಿನಲ್ಲಿ ಓಡಾಡುವ ಅಂಕಿಯ ಜಾತಕ ಇಷ್ಟು. ಅಂಕಿ ಸುಳ್ಳಲ್ಲ. ಬಿಟ್ಟುಹೋಗಿರುವುದು ‘ಮೆದುಳಿಗೇ ನೇರವಾಗಿ ಕೊಟ್ಟಾಗ’ ಎಂಬ ಮಾತು. ಮೊಲದ ತಲೆಬುರುಡೆಗೆ ಮೊದಲೇ ರಂಧ್ರ ಕೊರೆದು, ಸಣ್ಣ ನಳಿಕೆ ಕೂಡಿಸಿ, ಅದರ ಮೂಲಕ ಕೊಟ್ಟದ್ದು. ಇದೇ ಹಾರ್ಮೋನನ್ನು ಬಾಯಿಗೆ ಹಾಕಿಕೊಂಡರೆ ಬೇಳೆಯ ಪ್ರೋಟೀನಿನಂತೆ ಜಠರದಲ್ಲಿ ಜೀರ್ಣವಾಗುತ್ತದೆ. ರಕ್ತಕ್ಕೆ ಚುಚ್ಚಿದರೂ ಬೇಗನೆ ಒಡೆದುಹೋಗುತ್ತದೆ.

ಹೊರಗಿನಿಂದ ಕೊಟ್ಟದ್ದು ಕೆಲಸ ಮಾಡಿತು ಎಂದ ಮಾತ್ರಕ್ಕೆ ದೇಹ ತಾನಾಗಿ ಅದನ್ನು ಬಳಸುತ್ತದೆ ಎಂದು ಹೇಳಲಾಗದು. ಅದಕ್ಕಾಗಿ ತಿರುಗುಪ್ರಯೋಗವೂ ನಡೆಯಿತು. ಮೊಲದ ಮೆದುಳಿನಲ್ಲಿರುವ ಆಲ್ಫಾ-ಎಂಎಸ್‌ಎಚ್ ಅನ್ನು ಪ್ರತಿಕಾಯಗಳಿಂದ ನಿಷ್ಕ್ರಿಯ ಮಾಡಿದಾಗ ಜ್ವರ ಇನ್ನಷ್ಟು ಜೋರಾಯಿತು. ಬ್ರೇಕ್ ತೆಗೆದರೆ ಗಾಡಿಯ ವೇಗ ಹೆಚ್ಚುತ್ತದೆ ಎಂದಾದರೆ ಮೊದಲೇ ಬ್ರೇಕ್ ಹಿಡಿದಿತ್ತು ಎಂದರ್ಥ. ನನ್ನ ಮಟ್ಟಿಗೆ ಆ 25 ಸಾವಿರಕ್ಕಿಂತ ಹೆಚ್ಚು ತೂಕದ ಸಾಕ್ಷ್ಯ ಇದು, ಆದರೆ ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಈ ಹಾರ್ಮೋನಿನ ಬಾಲದ ಮೂರು ಅಮೈನೋ ಆಮ್ಲಗಳ ತುಂಡಿಗೂ ಉರಿಯೂತ ತಗ್ಗಿಸುವ ಗುಣವಿದೆ ಎಂದು ಪ್ರಾಣಿಗಳಲ್ಲಿ ಕಂಡಿದೆ. ಕೆಪಿವಿ ಎಂಬ ಹೆಸರಿನಲ್ಲಿ ಇಂಟರ್ನೆಟ್ಟಿನಲ್ಲಿ ಸಿಗುವ ಪೆಪ್ಟೈಡ್ ಅದೇ. ಮನುಷ್ಯರ ಜ್ವರಕ್ಕೋ ಉರಿಯೂತಕ್ಕೋ ಅದು ಮಂಜೂರಾದ ಔಷಧಿಯಲ್ಲ.

ಈಯುವ ಮುನ್ನ ಕುರಿಗೆ ಜ್ವರ ಬರದು

ಇನ್ನೊಂದು ಬ್ರೇಕ್ ಸಿಕ್ಕಿದ್ದು ಕುರಿಯಲ್ಲಿ. ಕೆನಡಾದ ಕ್ಯಾಲ್ಗರಿಯ ಸಂಶೋಧಕರು 1970ರ ದಶಕದ ಕೊನೆಯಲ್ಲಿ ಒಂದು ವಿಚಿತ್ರ ಗಮನಿಸಿದರು. ಸಾಮಾನ್ಯವಾಗಿ ಜ್ವರ ತರಿಸುವ ಪ್ರಮಾಣದ ಎಂಡೋಟಾಕ್ಸಿನ್ ಕೊಟ್ಟರೂ, ಈಯುವ ಕೆಲ ದಿನ ಮೊದಲಿನಿಂದ ಈದ ಕೆಲ ತಾಸಿನವರೆಗೆ ಕುರಿಗಳಿಗೆ ಜ್ವರ ಬರುತ್ತಿರಲಿಲ್ಲ. ಹುಡುಕುತ್ತಾ ಹೋದಾಗ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನು ಕಣ್ಣಿಗೆ ಬಿತ್ತು. ಮೂತ್ರಪಿಂಡಗಳು ನೀರು ಹಿಡಿದಿಟ್ಟುಕೊಳ್ಳುವಂತೆ ಮಾಡುವುದು ಅದರ ಪ್ರಸಿದ್ಧ ಕೆಲಸ. ಮೆದುಳಿನ ಸೆಪ್ಟಮ್ ಎಂಬ ಭಾಗಕ್ಕೆ ಅದನ್ನು ಹಾಯಿಸಿದಾಗ ಕುರಿಯ ಜ್ವರ ಇಳಿಯಿತು. ಹೊಟ್ಟೆಯ ಮರಿಗೆ ಅತಿ ಬಿಸಿ ತಾಗದಿರಲಿ ಎಂದು ದೇಹ ಮಾಡಿಕೊಂಡ ವ್ಯವಸ್ಥೆ ಇದಿರಬಹುದು ಎಂಬ ಊಹೆ ಆಕರ್ಷಕವಾಗಿದೆ.

ಕಂಬಳಿ ಕೊಟ್ಟ ಪ್ರಾಣಿಯೇ ಜ್ವರದ ಗುಟ್ಟನ್ನೂ ಕೊಟ್ಟಿತು ಎನ್ನಬಹುದೇನೋ. ಆದರೆ ವ್ಯಾಸೋಪ್ರೆಸಿನ್ ಜ್ವರದ ಔಷಧಿಯಾಗಲಿಲ್ಲ. ರಕ್ತಕ್ಕೆ ಕೊಟ್ಟರೆ ಅದು ರಕ್ತನಾಳ ಬಿಗಿಯುತ್ತದೆ, ಮೂತ್ರ ಕಡಿಮೆ ಮಾಡುತ್ತದೆ. ಮೆದುಳಿನ ಒಂದು ಮೂಲೆಯಲ್ಲಿ ಬೇಕಾದ ಕೆಲಸಕ್ಕೆ ಇಡೀ ದೇಹವನ್ನು ಅಲುಗಾಡಿಸಿದಂತಾಗುತ್ತದೆ.

ಎರಡು ತಳಿಯ ಬಿಳಿ ಇಲಿಗಳು

ಜ್ವರದಿಂದ ಉರಿಯೂತದ ಕಡೆಗೆ ಹೊರಳಿದರೆ ಕಥೆ ಇನ್ನೂ ದಟ್ಟವಾಗುತ್ತದೆ. ಇಲ್ಲಿ ಮುಖ್ಯ ಪಾತ್ರ ಸಿಆರ್‌ಎಚ್ ಎಂಬ ಹೈಪೋಥಲಾಮಸ್ ಹಾರ್ಮೋನಿನದು. 1981ರಲ್ಲಿ ವೈಲಿ ವೇಲ್ ಮತ್ತು ಸಂಗಡಿಗರು ಇದರ ರಚನೆಯನ್ನು ಬಿಡಿಸಿದ್ದೂ ಕುರಿಯ ಮೆದುಳಿನಿಂದಲೇ. ಸಿಆರ್‌ಎಚ್ ಪಿಟ್ಯುಟರಿ ಗ್ರಂಥಿಗೆ ಆಜ್ಞೆ ಕೊಡುತ್ತದೆ, ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನು ಬಿಡುತ್ತದೆ, ಅದು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಹೊರಡಿಸುತ್ತದೆ. ಇಲಿಗಳಲ್ಲಿ ಕಾರ್ಟಿಸಾಲ್ ಬದಲು ಕಾರ್ಟಿಕೋಸ್ಟೆರಾನ್. ಈ ಸ್ಟೀರಾಯ್ಡ್ ಉರಿಯೂತದ ಸೈಟೊಕೈನ್‌ಗಳ ಬಾಯಿ ಮುಚ್ಚಿಸುತ್ತದೆ. ಇಂಟರ್‌ಲ್ಯೂಕಿನ್-1 ಕೊಟ್ಟರೆ ಇಲಿಯ ಮೆದುಳಿನಲ್ಲಿ ಸಿಆರ್‌ಎಚ್ ಏರುತ್ತದೆ ಎಂದು 1987ರಲ್ಲಿ ಬೇರೆ ಬೇರೆ ತಂಡಗಳು ತೋರಿಸಿದವು. ಉರಿಯೂತವೇ ಮೆದುಳನ್ನು ಎಬ್ಬಿಸಿ, ತನ್ನನ್ನು ತಣಿಸುವ ಹಾರ್ಮೋನನ್ನು ತರಿಸಿಕೊಳ್ಳುತ್ತದೆ ಎಂದಾಯಿತು.

ಈ ಸರಪಳಿ ತುಂಡಾದರೆ? ಅದಕ್ಕೆ ಉತ್ತರ ಕೊಟ್ಟದ್ದು ಲೂಯಿಸ್ ಮತ್ತು ಫಿಶರ್ ಎಂಬ ಎರಡು ತಳಿಯ ಬಿಳಿ ಇಲಿಗಳು. ಎರಡಕ್ಕೂ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದ ಗೋಡೆಯ ಪುಡಿಯನ್ನು ಚುಚ್ಚಿದರೆ ಲೂಯಿಸ್ ಇಲಿಗಳ ಕಾಲ ಕೀಲುಗಳು ಊದಿಕೊಂಡು ಸಂಧಿವಾತ ಬರುತ್ತದೆ. ಫಿಶರ್ ಇಲಿಗಳು ಏನೂ ಆಗದವರಂತೆ ಓಡಾಡಿಕೊಂಡಿರುತ್ತವೆ. ರೋಗಾಣುವಿನ ಪುಡಿ ಅದೇ, ಪ್ರಮಾಣ ಅದೇ. ವ್ಯತ್ಯಾಸವಿರುವುದು ತಲೆಯೊಳಗೆ ಎಂದು ಎಸ್ತರ್ ಸ್ಟರ್ನ್‌ಬರ್ಗ್ ಮತ್ತು ಸಹೋದ್ಯೋಗಿಗಳು 1989ರಲ್ಲಿ ತೋರಿಸಿದರು. ಲೂಯಿಸ್ ಇಲಿಯ ಹೈಪೋಥಲಾಮಸ್ ಮಂದ. ಉರಿಯೂತದ ಕೂಗಿಗೆ ಅದು ಸಾಕಷ್ಟು ಸಿಆರ್‌ಎಚ್ ಬಿಡುವುದಿಲ್ಲ. ಲೂಯಿಸ್ ಇಲಿಗೆ ಹೊರಗಿನಿಂದ ಸ್ಟೀರಾಯ್ಡ್ ಕೊಟ್ಟಾಗ ಊತ ತಗ್ಗಿತು. ಗಟ್ಟಿಮುಟ್ಟಾದ ಫಿಶರ್ ಇಲಿಯ ಸ್ಟೀರಾಯ್ಡ್ ಗ್ರಾಹಕವನ್ನು ಔಷಧಿಯಿಂದ ಮುಚ್ಚಿದಾಗ ಅದೂ ತೀವ್ರ ಉರಿಯೂತಕ್ಕೆ ಬಿತ್ತು. ಕಾರಣ ಯಾವುದು, ಪರಿಣಾಮ ಯಾವುದು ಎಂದು ಎರಡೂ ಕಡೆಯಿಂದ ಎಳೆದು ನೋಡಿದ ಇಂಥ ಪ್ರಯೋಗಗಳು ಕಡಿಮೆ.

ಇಷ್ಟಕ್ಕೇ ನಿಲ್ಲಿಸಿದರೆ ಸಿಆರ್‌ಎಚ್ ಉರಿಯೂತದ ವೈರಿ ಎಂದು ಬರೆದು ಮುಗಿಸಬಹುದು. 1991ರಲ್ಲಿ ಬಂದ ಇನ್ನೊಂದು ಅಧ್ಯಯನ ಆ ನೆಮ್ಮದಿ ಕೆಡಿಸಿತು. ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಎಂಬ ವಸ್ತುವಿನಿಂದ ಇಲಿಯ ಚರ್ಮದಡಿ ಉರಿಯೂತ ಹುಟ್ಟಿಸಿ ನೋಡಿದಾಗ, ಆ ಊದಿದ ಜಾಗದಲ್ಲೇ ಸಿಆರ್‌ಎಚ್ ತಯಾರಾಗುತ್ತಿತ್ತು. ಅದನ್ನು ಪ್ರತಿಕಾಯದಿಂದ ತಡೆದರೆ ಉರಿಯೂತ ಕಡಿಮೆಯಾಯಿತು. ಮೆದುಳಿನಲ್ಲಿ ಬೆಂಕಿ ಆರಿಸಲು ಕರೆ ಕೊಡುವ ಹಾರ್ಮೋನು, ಗಾಯದಲ್ಲಿ ಅದೇ ಬೆಂಕಿಗೆ ಗಾಳಿ ಊದುತ್ತದೆ. ಸಾಲದ್ದಕ್ಕೆ ಮೆದುಳಿನೊಳಗೆ ಇದು ಮೈಬಿಸಿಯನ್ನು ಏರಿಸುವ ಕೆಲಸದಲ್ಲೂ ಕೈಜೋಡಿಸುತ್ತದೆ. ‘ಈ ಹಾರ್ಮೋನು ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳುವವರಿಗೆ ಎಲ್ಲಿ, ಯಾವಾಗ, ಎಷ್ಟು ಎಂದು ಮರುಪ್ರಶ್ನೆ ಹಾಕದೆ ವಿಧಿಯಿಲ್ಲ.

‘ಸ್ವಿಚ್’ ಎಂಬ ಪದದ ಅವಾಂತರ

ಇತ್ತೀಚಿನ ಶೀರ್ಷಿಕೆಗಳಿಗೆ ಮೂಲ 2024ರ ಮೇ ತಿಂಗಳಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಚಾರ್ಲ್ಸ್ ಜುಕರ್ ತಂಡದ ಸುಂಡಿಲಿ ಅಧ್ಯಯನ. ಇದು ಹಾರ್ಮೋನಿನ ಕಥೆಯಲ್ಲ, ನರದ ಕಥೆ. ಹೊಟ್ಟೆ ಎದೆಗಳಿಂದ ಮೆದುಳಿಗೆ ಸುದ್ದಿ ಒಯ್ಯುವ ವೇಗಸ್ ನರ ಉರಿಯೂತದ ಸಂದೇಶವನ್ನೂ ಒಯ್ಯುತ್ತದೆ. ಅದು ಮುಟ್ಟುವ ಮೆದುಳುಕಾಂಡದ ಒಂದು ಗುಂಪಿನ ನರಕೋಶಗಳನ್ನು ಮೌನವಾಗಿಸಿದರೆ ಉರಿಯೂತ ಹದ್ದು ಮೀರುತ್ತದೆ, ಚುರುಕುಗೊಳಿಸಿದರೆ ತಗ್ಗುತ್ತದೆ. ಕೊಲ್ಲುವಷ್ಟು ಎಂಡೋಟಾಕ್ಸಿನ್ ಪಡೆದ ಸುಂಡಿಲಿಗಳೂ ಬದುಕುಳಿಯುವ ಪ್ರಮಾಣ ಹೆಚ್ಚಿತು. ವೇಗಸ್ ನರ ಪ್ರಚೋದಿಸಿದರೆ ಇಲಿಗಳಲ್ಲಿ ಟಿಎನ್‌ಎಫ್ ಕಡಿಮೆಯಾಗುತ್ತದೆ ಎಂದು ಕೆವಿನ್ ಟ್ರೇಸಿ ತಂಡ 2000ದಲ್ಲೇ ತೋರಿಸಿತ್ತು.

ಈ ನರದ ದಾರಿ ಈಗ ಮನುಷ್ಯರನ್ನು ತಲುಪಿದೆ. ಕುತ್ತಿಗೆಯಲ್ಲಿ ಅಳವಡಿಸುವ ವೇಗಸ್ ಪ್ರಚೋದಕಕ್ಕೆ 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ರುಮಟಾಯ್ಡ್ ಸಂಧಿವಾತಕ್ಕಾಗಿ ಒಪ್ಪಿಗೆ ಕೊಟ್ಟಿತು. ದೀರ್ಘಕಾಲದ ಕೀಲುರೋಗಕ್ಕೆ, ಶಸ್ತ್ರಚಿಕಿತ್ಸೆ ಮಾಡಿ ಕೂಡಿಸುವ ಯಂತ್ರ ಅದು. ನಾಲ್ಕು ದಿನದ ವೈರಲ್ ಜ್ವರಕ್ಕೂ ಅದಕ್ಕೂ ಸಂಬಂಧವಿಲ್ಲ. ಕತ್ತಿನ ಪಕ್ಕ ಉಜ್ಜಿದರೆ, ತಣ್ಣೀರು ಮುಖಕ್ಕೆ ಎರಚಿಕೊಂಡರೆ ‘ಉರಿಯೂತದ ಸ್ವಿಚ್ ಆಫ್’ ಎನ್ನುವ ವಿಡಿಯೋಗಳು ಜುಕರ್ ಅವರ ಪ್ರಬಂಧದಿಂದ ಹುಟ್ಟಲು ಸಾಧ್ಯವಿಲ್ಲ.

ಇಳಿಸಬೇಕೋ, ಬಿಡಬೇಕೋ

ಜ್ವರವನ್ನು ಹಾಗೇ ಬಿಡಿ ಎನ್ನುವವರ ಪರವಾಗಿ ಗಟ್ಟಿ ಸಾಕ್ಷಿ ಹೇಳುವುದು ಒಂದು ಓತಿಕ್ಯಾತ. ಅಮೆರಿಕದ ಮರುಭೂಮಿಯ ಇಗ್ವಾನಾ ಎಂಬ ಜಾತಿ. ಇದು ಶೀತರಕ್ತದ ಪ್ರಾಣಿ, ಒಳಗೆ ಶಾಖ ಹುಟ್ಟಿಸಿಕೊಳ್ಳಲಾರದು. ಸೋಂಕು ತಗುಲಿದರೆ ಅದು ತಾನಾಗಿ ಹೆಚ್ಚು ಬಿಸಿಯಿರುವ ಜಾಗಕ್ಕೆ ಹೋಗಿ ಕೂರುತ್ತದೆ. ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು 1975ರಲ್ಲಿ ಸೋಂಕು ಹತ್ತಿಸಿದ ಓತಿಗಳನ್ನು 34ರಿಂದ 42 ಡಿಗ್ರಿ ಸೆಲ್ಸಿಯಸ್‌ವರೆಗಿನ ಬೇರೆ ಬೇರೆ ಪೆಟ್ಟಿಗೆಗಳಲ್ಲಿಟ್ಟರು. ಬಿಸಿ ಹೆಚ್ಚಿದಂತೆ ಬದುಕುಳಿದವುಗಳ ಸಂಖ್ಯೆ ಹೆಚ್ಚಿತು. ಜ್ವರ ಇಳಿಸುವ ಔಷಧಿ ಕೊಟ್ಟಾಗ ಮೈಬಿಸಿ ಏರದ ಓತಿಗಳು ಸತ್ತವು.

ಇದನ್ನೋದಿದವರು ಮಾತ್ರೆ ಎಸೆದುಬಿಡಬಹುದು. ಆದರೆ ಓತಿಗೆ ವಯಸ್ಸಾದ ಹೃದಯವಿರಲಿಲ್ಲ, ಗರ್ಭವಿರಲಿಲ್ಲ, ಜ್ವರ ಏರಿದಾಗ ಫಿಟ್ಸ್ ಬರುವ ಪುಟ್ಟ ಮಗುವೂ ಅದಲ್ಲ. ನಮ್ಮಲ್ಲಿ ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹ ಉರಿಸುವ ಶಕ್ತಿ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಉಸಿರಾಟ, ಹೃದಯ ಮೊದಲೇ ಸೋತವರಿಗೆ ಅದು ಭಾರ. ಮನುಷ್ಯರಲ್ಲೇ ಪರೀಕ್ಷಿಸಿದ್ದೂ ಉಂಟು. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜ್ವರ ಮತ್ತು ಸೋಂಕಿನಿಂದ ತೀವ್ರ ನಿಗಾ ಘಟಕದಲ್ಲಿದ್ದ 700 ಮಂದಿಯಲ್ಲಿ ಕೆಲವರಿಗೆ ಪ್ಯಾರಸಿಟಮಾಲ್, ಉಳಿದವರಿಗೆ ಔಷಧಿಯಿಲ್ಲದ ದ್ರಾವಣ ಕೊಡಲಾಯಿತು. ಐಸಿಯುನಿಂದ ಹೊರಗೆ ಕಳೆದ ದಿನಗಳಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಜ್ವರ ಇಳಿಸಿದ್ದು ಕಾಪಾಡಲೂ ಇಲ್ಲ, ಕೆಡಿಸಲೂ ಇಲ್ಲ. ಹೀಗಾಗಿ ವೈದ್ಯರು ಸಾಮಾನ್ಯವಾಗಿ ಅಂಕಿ ಇಳಿಸುವುದಕ್ಕಿಂತ ರೋಗಿಯ ಸಂಕಟ ಇಳಿಸಲು ಪ್ಯಾರಸಿಟಮಾಲ್ ಕೊಡುತ್ತಾರೆ. ಮಾತ್ರೆ ನುಂಗಿ ಒಂದು ಲೋಟ ಗಂಜಿ ಕುಡಿಯಲು, ನಾಲ್ಕು ತಾಸು ನಿದ್ದೆ ಮಾಡಲು ಆದರೆ ಅದರ ಕೆಲಸ ಆಯಿತು.

ಇಲಿಯ ಮಾತಿಗೆ ಎಷ್ಟು ಬೆಲೆ

ಇಲಿಗಳಲ್ಲಿ ಕಂಡದ್ದು ಮನುಷ್ಯರಿಗೆ ಎಷ್ಟು ಅನ್ವಯಿಸುತ್ತದೆ ಎಂಬುದು ವಿಜ್ಞಾನಿಗಳ ನಡುವೆಯೇ ಬಗೆಹರಿಯದ ಜಗಳ. 2013ರಲ್ಲಿ ಅಮೆರಿಕದ ಒಂದು ದೊಡ್ಡ ತಂಡ, ಉರಿಯೂತದ ವೇಳೆ ಮನುಷ್ಯನ ಜೀನುಗಳು ವರ್ತಿಸುವ ಬಗೆಗೂ ಸುಂಡಿಲಿಯದಕ್ಕೂ ಹೋಲಿಕೆ ತೀರಾ ಕಡಿಮೆ ಎಂದಿತು. ಮರುವರ್ಷ ಜಪಾನಿನ ಇಬ್ಬರು ಅದೇ ಮಾಹಿತಿಯನ್ನು ಬೇರೆ ಲೆಕ್ಕದಲ್ಲಿ ಅಳೆದು, ಅದೇ ಪತ್ರಿಕೆಯಲ್ಲಿ, ಹೋಲಿಕೆ ಬೇಕಾದಷ್ಟಿದೆ ಎಂದು ವಾದಿಸಿದರು. ಅಳೆಯುವ ಸೇರು ಬದಲಾದರೆ ಅಕ್ಕಿಯ ಲೆಕ್ಕವೂ ಬದಲಾಯಿತು.

ಜ್ವರದ ವಿಷಯದಲ್ಲಂತೂ ಸುಂಡಿಲಿ ಕಷ್ಟದ ಸಾಕ್ಷಿ. ಸುಮಾರು 25 ಗ್ರಾಂ ತೂಗುವ ಈ ಪ್ರಾಣಿಗೆ ಹಿತವಾದ ಬಿಸಿ 30 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಪ್ರಯೋಗಶಾಲೆಯ ಕೋಣೆಯನ್ನು ಅಂಗಿ ತೊಟ್ಟ ಮನುಷ್ಯರಿಗೆ ಹಿತವಾಗಲೆಂದು 22ರ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಅಂದರೆ ಸುಂಡಿಲಿ ಯಾವಾಗಲೂ ಆಗುಂಬೆಯ ಮಳೆಗಾಲದಲ್ಲಿ ಕಂಬಳಿಯಿಲ್ಲದೆ ಕೂತಂತೆ. ಆ ಸ್ಥಿತಿಯಲ್ಲಿ ಹೆಚ್ಚು ಎಂಡೋಟಾಕ್ಸಿನ್ ಚುಚ್ಚಿದರೆ ಎಷ್ಟೋ ಸಲ ಜ್ವರದ ಬದಲು ಮೈ ತಣ್ಣಗಾಗಿಬಿಡುತ್ತದೆ. ಇನ್ನು ಪ್ರಮಾಣ. ಮನುಷ್ಯನಿಗೆ ಜ್ವರ ಬರಿಸಲು ದೇಹತೂಕದ ಕಿಲೋಗೆ ಕೆಲವೇ ನ್ಯಾನೋಗ್ರಾಂ ಎಂಡೋಟಾಕ್ಸಿನ್ ಸಾಕು. ಸುಂಡಿಲಿಯನ್ನು ಕೊಲ್ಲುವ ಪ್ರಯೋಗಗಳಲ್ಲಿ ಲೆಕ್ಕ ಮಿಲಿಗ್ರಾಂನಲ್ಲಿ. ಒಂದು ಮಿಲಿಗ್ರಾಂ ಎಂದರೆ 10 ಲಕ್ಷ ನ್ಯಾನೋಗ್ರಾಂ.

ಮೊಲ ಈ ವಿಷಯದಲ್ಲಿ ಮನುಷ್ಯನಿಗೆ ಹತ್ತಿರ, ಎಂಡೋಟಾಕ್ಸಿನ್‌ಗೆ ಬೇಗ ಜ್ವರ ತೋರಿಸುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಕೈಗೆ ಹಾಕುವ ಡ್ರಿಪ್ ಬಾಟಲಿ ಶುದ್ಧವೋ ಅಲ್ಲವೋ ಎಂದು ದಶಕಗಳ ಕಾಲ ಹೇಳುತ್ತಿದ್ದುದು ಮೊಲವೇ. ಮೂರು ಮೊಲಗಳನ್ನು ತಲೆ ಮಾತ್ರ ಹೊರಗಿರುವ ಪೆಟ್ಟಿಗೆಯಲ್ಲಿ ಕೂರಿಸಿ, ಗುದದ್ವಾರದಲ್ಲಿ ತಾಪಮಾಪಕ ಇಟ್ಟು, ಕಿವಿಯ ಅಂಚಿನ ರಕ್ತನಾಳಕ್ಕೆ ದ್ರಾವಣ ಚುಚ್ಚಿ, ಮೂರು ತಾಸು ಮೈಬಿಸಿ ಬರೆದುಕೊಳ್ಳುತ್ತಿದ್ದರು. ಈಗ ಈ ಕೆಲಸವನ್ನು ಹೆಚ್ಚಾಗಿ ಹಾರ್ಸ್‌ಶೂ ಏಡಿಯ ರಕ್ತದಿಂದ ತಯಾರಾದ ಪರೀಕ್ಷೆ ಮಾಡುತ್ತದೆ, ಮನುಷ್ಯರ ರಕ್ತಕಣಗಳನ್ನೇ ಬಳಸುವ ಪರೀಕ್ಷೆಯೂ ಬಂದಿದೆ. ಯುರೋಪಿನ ಔಷಧ ಸಂಹಿತೆ ಮೊಲದ ಪರೀಕ್ಷೆಯನ್ನು ಕೈಬಿಡಲು 2024ರಲ್ಲಿ ತೀರ್ಮಾನಿಸಿತು. ಭಾರತದಲ್ಲೂ 2023ರ ನಿಯಮ ತಿದ್ದುಪಡಿಯಿಂದ ಹೊಸ ಔಷಧಿಗಳ ಪರೀಕ್ಷೆಗೆ ಪ್ರಾಣಿಯೇತರ ವಿಧಾನಗಳಿಗೆ ಬಾಗಿಲು ತೆರೆದಿದೆ.

ಹಾಗೆಂದು ಪ್ರಾಣಿಪ್ರಯೋಗವನ್ನೇ ನಿಲ್ಲಿಸಿಬಿಡಿ ಎಂಬ ವಾದ ಜ್ವರದ ಮಟ್ಟಿಗೆ ಪೂರ್ತಿ ನಿಲ್ಲುವುದಿಲ್ಲ. ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಹೈಪೋಥಲಾಮಸ್ ಇಲ್ಲ, ಅವು ನಡುಗುವುದಿಲ್ಲ. ಪ್ರಾಣಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಅನಾಹುತವಾದ ಉದಾಹರಣೆಯೂ ಕಣ್ಣಮುಂದಿದೆ. 2006ರಲ್ಲಿ ಲಂಡನ್ನಿನಲ್ಲಿ, ಮಂಗಗಳಲ್ಲಿ ಸುರಕ್ಷಿತವೆಂದು ಕಂಡಿದ್ದ ಪ್ರತಿಕಾಯ ಔಷಧಿಯೊಂದನ್ನು ಪಡೆದ ಆರು ಮಂದಿ ಸ್ವಯಂಸೇವಕರು ಕೆಲವೇ ತಾಸಿನಲ್ಲಿ ಸೈಟೊಕೈನ್ ಬಿರುಗಾಳಿಗೆ ಸಿಕ್ಕಿ ಐಸಿಯು ಸೇರಿದರು. ಆರೂ ಮಂದಿ ಬದುಕಿದರು.

‘ಒಂದು ಸೂಜಿ ಹಾಕಿಬಿಡಿ’

ಮೆದುಳಿನ ಹಾರ್ಮೋನು ಸರಪಳಿಯ ಕೊನೆಯ ಕೊಂಡಿ ಮಾತ್ರ ಈಗಾಗಲೇ ಹಳ್ಳಿಹಳ್ಳಿಗೂ ತಲುಪಿದೆ: ಸ್ಟೀರಾಯ್ಡ್. ಅದರಲ್ಲೂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಒಂದು ಸೂಜಿ ಹಾಕಿದರೆ ಸಂಜೆಯೊಳಗೆ ಜ್ವರ ಇಳಿದು, ಮೈಕೈ ನೋವು ಹೋಗಿ, ಹಸಿವೂ ಆಗುತ್ತದೆ. ಮರುದಿನ ಕೆಲಸಕ್ಕೆ ಹೋಗಲೇಬೇಕಾದವನಿಗೆ ಇದಕ್ಕಿಂತ ಒಳ್ಳೆಯ ಡಾಕ್ಟರು ಯಾರು?

ಲೂಯಿಸ್ ಇಲಿಯ ಪ್ರಯೋಗ ಇಲ್ಲಿ ನೆನಪಾಗಬೇಕು. ಸ್ಟೀರಾಯ್ಡ್ ಉರಿಯೂತ ತಗ್ಗಿಸಿತು, ನಿಜ. ಆದರೆ ಆ ಇಲಿಗೆ ಚುಚ್ಚಿದ್ದು ಬ್ಯಾಕ್ಟೀರಿಯಾದ ಸತ್ತ ಗೋಡೆಯ ಪುಡಿಯನ್ನು, ಬೆಳೆಯುವ ರೋಗಾಣುವನ್ನಲ್ಲ. ಜೀವಂತ ವೈರಸ್ ಮೈಯಲ್ಲಿ ಹೆಚ್ಚುತ್ತಿರುವಾಗ ಕಾವಲುಗಾರರ ಬಾಯಿ ಮುಚ್ಚಿಸುವುದು ಬೇರೆಯೇ ಲೆಕ್ಕ. ಕೋವಿಡ್ ಇದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿತು. 2020ರಲ್ಲಿ ಬ್ರಿಟನ್ನಿನ ರಿಕವರಿ ಎಂಬ ಹೆಸರಿನ ಅಧ್ಯಯನದಲ್ಲಿ ಡೆಕ್ಸಾಮೆಥಸೋನ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು, ಆಮ್ಲಜನಕ ಬೇಕಾದವರ ಸಾವನ್ನು ಐದನೇ ಒಂದರಷ್ಟು ತಗ್ಗಿಸಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಲಾಭವಾಗಲಿಲ್ಲ. 2021ರ ಎರಡನೇ ಅಲೆಯಲ್ಲಿ ಬೇಕಾದವರಿಗೂ ಬೇಡದವರಿಗೂ ಸ್ಟೀರಾಯ್ಡ್ ಸುರಿದಾಗ, ಸಕ್ಕರೆ ಕಾಯಿಲೆಯವರನ್ನು ಕಪ್ಪು ಶಿಲೀಂಧ್ರ ಹೇಗೆ ಹಿಡಿಯಿತೆಂದು ಕರ್ನಾಟಕ ಕಂಡಿದೆ. ಅದೇ ಔಷಧಿ, ರೋಗಿಯ ಸ್ಥಿತಿ ಮಾತ್ರ ಬೇರೆ.

ಡೆಂಗಿ ಇರುವ ಕಡೆ ಇನ್ನೊಂದು ಎಚ್ಚರ. ಆಸ್ಪಿರಿನ್, ಐಬುಪ್ರೊಫೆನ್‌ಗಳು ಪ್ರೊಸ್ಟಗ್ಲಾಂಡಿನ್ ತಡೆಯುವಾಗ ಮೆದುಳಿನಲ್ಲಷ್ಟೇ ನಿಲ್ಲುವುದಿಲ್ಲ. ಪ್ಲೇಟ್‌ಲೆಟ್‌ಗಳ ಕೆಲಸಕ್ಕೂ ಅಡ್ಡಿ, ಜಠರದ ಒಳಪದರಕ್ಕೂ ಕುತ್ತು. ರಕ್ತಸ್ರಾವದ ಭಯವಿರುವ ಜ್ವರಗಳಲ್ಲಿ ಅವನ್ನು ಬಿಟ್ಟು ಪ್ಯಾರಸಿಟಮಾಲನ್ನೇ ಹೇಳುವುದು ಇದಕ್ಕಾಗಿ. ಮಂಗನ ಕಾಯಿಲೆಯೂ ರಕ್ತಸ್ರಾವದ ಜ್ವರಗಳ ಗುಂಪಿಗೇ ಸೇರಿದ್ದು.

ಜ್ವರವಿಲ್ಲದ ಆ ಒಂದೆರಡು ವಾರ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಗೆ ಇಂದಿಗೂ ನಿರ್ದಿಷ್ಟ ಔಷಧಿಯಿಲ್ಲ. ಇದ್ದ ಹಳೆಯ ಲಸಿಕೆಯ ಬಳಕೆಯೂ ನಿಂತಿದೆ. ಉಣುಗು ಕಚ್ಚಿದ ಕೆಲ ದಿನಕ್ಕೆ ಇದ್ದಕ್ಕಿದ್ದಂತೆ ಜೋರು ಜ್ವರ, ಹಣೆ ಸಿಡಿಯುವ ತಲೆನೋವು, ಮೈಯೆಲ್ಲ ಜಜ್ಜಿದಂಥ ನೋವು. ಸೋಂಕಿತರಲ್ಲಿ ಶೇ. 3ರಿಂದ 5ರಷ್ಟು ಮಂದಿ ಸಾಯುತ್ತಾರೆ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಜ್ವರ ಬಿಡುತ್ತದೆ. ಆದರೆ ಶೇ. 10ರಿಂದ 20ರಷ್ಟು ರೋಗಿಗಳಲ್ಲಿ ಜ್ವರವಿಲ್ಲದೆ ಒಂದೆರಡು ವಾರ ಕಳೆದ ಮೇಲೆ ಎರಡನೇ ಸುತ್ತು ಬರುತ್ತದೆ. ಈ ಸಲ ಜ್ವರದ ಜೊತೆ ಮತ್ತೆ ತೀವ್ರ ತಲೆನೋವು, ಕೈಕಾಲು ನಡುಕ, ಕಣ್ಣು ಮಂಜಾಗುವುದು, ಮಾತು ಮನಸ್ಸು ಅಸ್ತವ್ಯಸ್ತವಾಗುವುದು. ಜ್ವರದ ಲಗಾಮು ಹಿಡಿದಿರುವ ಮೆದುಳಿಗೇ ಪೆಟ್ಟು ಬೀಳುವ ಹಂತ ಇದು.

ನಡುವಿನ ಆ ದಿನಗಳಲ್ಲಿ ಥರ್ಮಾಮೀಟರ್ 98.4 ತೋರಿಸುತ್ತದೆ. ಮನೆಯವರು ‘ಜ್ವರ ಬಿಟ್ಟಿದೆ’ ಎನ್ನುತ್ತಾರೆ, ರೋಗಿ ಮತ್ತೆ ತೋಟದ ಕಡೆ ಹೊರಡುತ್ತಾನೆ. ಮೊದಲ ಸುತ್ತಿನಲ್ಲೇ ಸೂಜಿ ಹಾಕಿಸಿ ಜ್ವರ ಇಳಿಸಿಕೊಂಡವನಿಗೆ ಮೊದಲ ಸುತ್ತು ಎಂದು ಮುಗಿಯಿತು, ಎರಡನೆಯದು ಎಂದು ಶುರುವಾಯಿತು ಎಂಬ ಗುರುತೇ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ಜ್ವರ ಬಂದು ಎಷ್ಟು ದಿನವಾಯಿತು ಎಂಬುದು. ಮೊದಲ ದಿನಗಳಲ್ಲಾದರೆ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿಪಿಸಿಆರ್, ತಡವಾದರೆ ಪ್ರತಿಕಾಯ ಹುಡುಕುವ ಐಜಿಎಂ. ಯಾವ ಪರೀಕ್ಷೆಗೆ ಮಾದರಿ ಕಳಿಸಬೇಕೆಂದು ಗೊತ್ತಾಗುವುದು ತಾರೀಖಿನಿಂದ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಮೈ ಮೊದಲು ಬಿಸಿಯಾದ ದಿನಕ್ಕೆ ಒಂದು ಗೀಟು ಎಳೆದಿಟ್ಟಿದ್ದರೆ ಡಾಕ್ಟರಿಗೆ ಅಷ್ಟು ಸಾಕು.